ರೋಬೋಟ್‌ನ ಬ್ಯಾಟರಿ ಅಳೆಯುವ ಪಾಠ



ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ಮಾಡಿದ ಪುಟ್ಟ ರೋಬೋಟ್ ನಡುವೆ ನಿಂತರೆ ಮೊದಲು ಪ್ರೋಗ್ರಾಂ ತಿದ್ದಲು ಕೂಡುತ್ತಾರೆ. ಎಷ್ಟೋ ಸಲ ಕೊರತೆ ಇರುವುದು ಬ್ಯಾಟರಿಯಲ್ಲಿ. ರೋಬೋಟ್ ತನ್ನ ಬ್ಯಾಟರಿಯನ್ನು ತಾನೇ ಅಳೆದುಕೊಳ್ಳುವಂತೆ ಮಾಡುವುದನ್ನು ಇಲ್ಲಿ ಕಲಿಯೋಣ.

ಒಂದರ ಹಿಂದೊಂದು ಜೋಡಿಸಿದ ಎರಡು ಲಿಥಿಯಂ ಅಯಾನ್ ಸೆಲ್‌ಗಳು ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುತ್ತವೆ. 6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಸೆಲ್ ಕೆಡಬಹುದು. ಕೆಟ್ಟ ಸೆಲ್ಲನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ. ಆದ್ದರಿಂದ 6.4ಕ್ಕೇ ನಿಲ್ಲಿಸುವುದು ಕ್ಷೇಮ.

ಆರ್ಡುಯಿನೋ ಊನೋ ಬೋರ್ಡು ಅನಲಾಗ್ ಪಿನ್‌ಗೆ ಬಂದ ವೋಲ್ಟೇಜನ್ನು ತನ್ನದೇ 5 ವೋಲ್ಟ್‌ಗೆ ಹೋಲಿಸಿ 0ಯಿಂದ 1023ರವರೆಗಿನ ಅಂಕಿಯಾಗಿ ಹೇಳುತ್ತದೆ. ತೊಡಕು ಇಲ್ಲೇ ಇದೆ. ಬ್ಯಾಟರಿ ಸುಮಾರು 7 ವೋಲ್ಟ್‌ಗಿಂತ ಇಳಿದಾಗ ಬೋರ್ಡಿನ 5 ವೋಲ್ಟ್ ಕೂಡ ಕುಸಿಯತೊಡಗುತ್ತದೆ. ನವಿಲುತೀರ್ಥ ಅಣೆಕಟ್ಟಿನ ನೀರನ್ನು ದೋಣಿಗೆ ಕಟ್ಟಿದ ಕೋಲಿನಿಂದ ಅಳೆದಂತೆ ಇದು: ನೀರಿನೊಂದಿಗೆ ಕೋಲೂ ಇಳಿಯುತ್ತದೆ, ನೀರು ಇಳಿದದ್ದು ತಿಳಿಯುವುದಿಲ್ಲ.

ಇದಕ್ಕೆ ಉಪಾಯ ಚಿಪ್‌ನ ಒಳಗೇ ಇದೆ. ಬ್ಯಾಟರಿ ಇಳಿದರೂ ಕದಲದ 1.1 ವೋಲ್ಟ್ ಅಳತೆ ಅದರಲ್ಲಿದೆ. ಪ್ರೋಗ್ರಾಮಿನಲ್ಲಿ ಅನಲಾಗ್ ರೆಫರೆನ್ಸನ್ನು 'ಇಂಟರ್ನಲ್' ಎಂದು ಬರೆಯಿರಿ. ಬ್ಯಾಟರಿಯ ಪ್ಲಸ್‌ನಿಂದ 100 ಕಿಲೋ ಓಮ್, ಅಲ್ಲಿಂದ ಗ್ರೌಂಡ್‌ಗೆ 10 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ, ಇವೆರಡರ ನಡುವಿನ ತಂತಿಯನ್ನು ಅನಲಾಗ್ ಪಿನ್‌ಗೆ ಕೊಡಿ. ಪಿನ್‌ಗೆ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ತಲುಪುತ್ತದೆ.

ಲೆಕ್ಕ: ಬಂದ ಅಂಕಿ × 12.1 ÷ 1024. ಅಂಕಿ 711 ಬಂದರೆ 8.4 ವೋಲ್ಟ್, 542 ಬಂದರೆ 6.4 ವೋಲ್ಟ್. ಚಿಪ್‌ನಿಂದ ಚಿಪ್‌ಗೆ ಆ 1.1ರಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಒಮ್ಮೆ ಮಲ್ಟಿಮೀಟರ್‌ನಿಂದ ಅಳೆದು, ಉತ್ತರ ಸರಿಹೊಂದುವಂತೆ 12.1ನ್ನು ತಿದ್ದಿಕೊಳ್ಳಿ.

ಮೋಟಾರು ತಿರುಗಲು ಆರಂಭಿಸಿದಾಗ ವೋಲ್ಟೇಜ್ ಕ್ಷಣಕಾಲ ಕುಗ್ಗುತ್ತದೆ. ಆದ್ದರಿಂದ ಒಂದೇ ಅಂಕಿಯನ್ನು ನಂಬದೆ ಹತ್ತು ಅಂಕಿಗಳ ಸರಾಸರಿ ನೋಡಿ. ಸರಾಸರಿ 542ಕ್ಕಿಂತ ಕಡಿಮೆಯಾದರೆ ಮೋಟಾರು ನಿಂತು ಕೆಂಪು ದೀಪ ಹತ್ತಲಿ. ಬೋರ್ಡು ಆಗಲೂ ಕರೆಂಟ್ ಎಳೆಯುತ್ತಿರುವುದರಿಂದ ಸ್ವಿಚ್ಚನ್ನು ಕೈಯಿಂದಲೇ ಆರಿಸಬೇಕು.

ಪಾಲಕರೇ, ಈ ಸೆಲ್‌ಗಳನ್ನು ಅವುಗಳದೇ ಚಾರ್ಜರ್‌ನಲ್ಲಿ, ಮನೆಯವರು ಎಚ್ಚರ ಇರುವಾಗಲೇ ಚಾರ್ಜ್ ಮಾಡಿಸಿ. ದಾನಿಗಳೇ, ಮಕ್ಕಳಿಗೆ ರೋಬೋಟ್ ಕಿಟ್ ಕೊಡಿಸುವಾಗ ಜೊತೆಗೆ ಒಂದು ಮಲ್ಟಿಮೀಟರನ್ನೂ ಕೊಡಿಸಿರಿ. ಅದಿಲ್ಲದೆ ತಮ್ಮ ಲೆಕ್ಕ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಮಕ್ಕಳಿಗೆ ದಾರಿಯಿಲ್ಲ.