ಯುವಜನರ ಪಾಠ: ಮೊದಲು ರೊಟ್ಟಿ, ನಿದ್ದೆ, ಆಮೇಲೆ ಮಾತು

ಓದಲು: 1 ಅರಸುಗಳು, ಅಧ್ಯಾಯ 19



2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. 2021ರಲ್ಲಿ ಗೂಡಲೂರು, ಮಸಿನಗುಡಿ ಸುತ್ತ ಒಂದು ಹುಲಿಗಾಗಿ ವಾರಗಟ್ಟಲೆ ಹುಡುಕಾಟ ನಡೆಯಿತು. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿಯಿತು. ಕೆಟ್ಟ ರಸ್ತೆ ಎಲ್ಲರಿಗೂ ಕಾಣುತ್ತದೆ. ಮಕ್ಕಳ ಮನಸ್ಸಿನಲ್ಲಿ ಉಳಿದ ಭಯ ಕಾಣುವುದಿಲ್ಲ.

ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವರು 'ನಿನಗೆ ವಿಶ್ವಾಸ ಸಾಲದು' ಎನ್ನಲಿಲ್ಲ. ದೂತನು ರೊಟ್ಟಿ, ನೀರು ಕೊಟ್ಟನು. ಎಲೀಯ ಮತ್ತೆ ಮಲಗಿದನು. ಆಮೇಲೆ ಹೋರೇಬಿನಲ್ಲಿ ದೇವರು ಅವನ ಅಳಲನ್ನು ಕೇಳಿದರು. ಕೊನೆಗೆ ಎಲೀಷನನ್ನು ಜೊತೆಗೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2011ರ ಕೈಪಿಡಿಯಲ್ಲಿ ಹೇಳಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕ್ರಮವೂ ಇಂಥದ್ದೇ: ನೋಡು, ಆಲಿಸು, ನೆರವಿಗೆ ಜೋಡಿಸು.

ನೋಡೋಣ: ಚಿಕ್ಕ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಅಮ್ಮನ ಸೆರಗು ಬಿಡದಿರಬಹುದು. ದೊಡ್ಡವರಾದರೆ ಮೌನ, ಸಿಡುಕು, ಹೊಟ್ಟೆನೋವು, ನಿದ್ದೆಗೇಡು. ಬೈಯುವುದು ಬೇಡ. ಊಟ, ನಿದ್ದೆ, ಆಟ, ಶಾಲೆ ಮೊದಲಿನಂತೆ ನಡೆಯಲಿ. ದುರಂತದ ವಿಡಿಯೋಗಳನ್ನು ಅವರ ಮುಂದೆ ಮತ್ತೆ ಮತ್ತೆ ಹಾಕದಿರೋಣ.

ಆಲಿಸೋಣ: 'ಏನಾಯಿತು, ಹೇಳು' ಎಂದು ಒತ್ತಾಯಿಸುವುದು ಬೇಡ, ಹೇಳಿದಾಗ ನಡುವೆ ಬಾಯಿ ಹಾಕುವುದೂ ಬೇಡ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಬಡಗ ಅಥವಾ ಮಲಯಾಳ ಆಡುತ್ತಾರೆ. ಭಯವಾದಾಗ ಬಾಯಿಗೆ ಬರುವುದು ಮನೆಮಾತು. ಆದ್ದರಿಂದ ಪರಿಹಾರ ಶಿಬಿರಕ್ಕೆ ಹೋಗುವಾಗ ಆ ಭಾಷೆ ಬಲ್ಲವರೊಬ್ಬರು ನಮ್ಮ ಜೊತೆಗಿರಲಿ. ಮಗುವಿನೊಡನೆ ಎಲ್ಲರಿಗೂ ಕಾಣುವ ಜಾಗದಲ್ಲೇ ಮಾತಾಡೋಣ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡದಿರೋಣ.

ಜೋಡಿಸೋಣ: ಹೆಚ್ಚಿನ ಮಕ್ಕಳು ಮನೆಯವರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ತಿಂಗಳಾದರೂ ಹಾಗೆಯೇ ಇದ್ದರೆ ವೈದ್ಯರ ಬಳಿ ಕರೆದೊಯ್ಯಬೇಕು. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬಾರದು. ತಕ್ಷಣ ಹಿರಿಯರಿಗೆ ತಿಳಿಸಬೇಕು. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098: ಎರಡೂ ಉಚಿತ, ಹಗಲಿರುಳೂ ಇವೆ. ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು.

ಚರ್ಚಿಸೋಣ:
1. ದೇವರು ಎಲೀಯನಿಗೆ ಮೊದಲು ರೊಟ್ಟಿ ಕೊಟ್ಟದ್ದೇಕೆ?
2. ನಮ್ಮ ಯುವಕೂಟದಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ? ಪಟ್ಟಿ ಮಾಡೋಣ.
3. ಕಳೆದ ಮಳೆಗಾಲದಿಂದ ಮಂಕಾಗಿರುವ ಮಗು ನಮ್ಮ ನೆರೆಯಲ್ಲಿದೆಯೇ?

ಪ್ರಾರ್ಥನೆ: ಪ್ರಭುವೇ, ಹೆದರಿದ ಮಕ್ಕಳ ಪಕ್ಕದಲ್ಲಿ ಅವಸರವಿಲ್ಲದೆ ಕೂರುವ ತಾಳ್ಮೆಯನ್ನು ನಮಗೆ ಕೊಡಿ. ಆಮೆನ್.