ಗೇಟು ತೆರೆದಿರುವ ಹದಿನೈದು ಗಂಟೆ

ಅಳಿಯಾ, ಮೊನ್ನೆ ಹೊಸ ಪಿಕಪ್ ಗಾಡಿಗೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದೆಯಲ್ಲ, ಆಗಲೇ ಹೇಳಬೇಕೆಂದುಕೊಂಡೆ. ಅಷ್ಟು ಜನ ನೆಂಟರ ನಡುವೆ, ನಿಮ್ಮವ್ವನ ಮುಖದಲ್ಲಿದ್ದ ಆ ಸಂತೋಷದ ಎದುರು ಬಾಯಿ ಬರಲಿಲ್ಲ. ಇನ್ನು ನೀನು ತೆರಕಣಾಂಬಿಯಿಂದ ಬೀನ್ಸ್, ಬೀಟ್‌ರೂಟ್, ಟೊಮೆಟೊ ಹೇರಿಕೊಂಡು ಸುಲ್ತಾನ್ ಬತ್ತೇರಿಗೂ ಕಲ್ಲಿಕೋಟೆಗೂ ಓಡಾಡುವವನು. ಬಂಡೀಪುರದ ಕಾಡು ಹಾಯುವ ಅದೇ ದಾರಿಯಲ್ಲಿ ನಾನು ಇಪ್ಪತ್ತಾರು ವರ್ಷ ಲಾರಿ ಓಡಿಸಿದವನು. ಹಾಗಾಗಿ ಈ ಮಾತು ನಾನೇ ಹೇಳಬೇಕು.

ಅವತ್ತು ನಿನ್ನ ಗೆಳೆಯರ ಮುಂದೆ ನೀನು ಅಂದದ್ದು ನನ್ನ ಕಿವಿಗೆ ಬಿತ್ತು: "ಒಂಬತ್ತು ಹೊಡೆದ ತಕ್ಷಣ ಫಾರೆಸ್ಟ್‌ನೋರು ಗೇಟ್ ಹಾಕ್ಬುಡ್ತಾರೆ, ಐದು ನಿಮಿಷ ಲೇಟಾದ್ರೂ ಬೆಳಿಗ್ಗೆ ತನಕ ಬಿದ್ದಿರಬೇಕು, ಅವರಿಗೆ ಪ್ರಾಣಿ ಮುಖ್ಯ, ರೈತ ಬೇಡ." ನಿನ್ನ ಕಷ್ಟ ಸುಳ್ಳಲ್ಲ. ಟೊಮೆಟೊ ಬೆಳಿಗ್ಗೆ ತನಕ ಕಾಯುವ ಸರಕಲ್ಲ. ಆ ಗೇಟಿನ ಮುಂದೆ ಕೂತು ಒಳಗೊಳಗೇ ಬೈದುಕೊಂಡ ರಾತ್ರಿಗಳು ನನಗೂ ಇವೆ. ಆದರೆ ಗೇಟು ಹೇಗೆ ಬಂತು ಎಂಬುದು ನಿನಗೆ ಗೊತ್ತಿಲ್ಲ. ಅದು ಬಂದಾಗ ನೀನು ಅಂಗನವಾಡಿಗೆ ಹೋಗುತ್ತಿದ್ದೆ.

2009ರ ಜೂನ್ ಮೊದಲ ವಾರದಲ್ಲಿ ಚಾಮರಾಜನಗರದ ಅಂದಿನ ಜಿಲ್ಲಾಧಿಕಾರಿ ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಓಡಾಡಬಾರದೆಂದು ಆದೇಶ ಹೊರಡಿಸಿದರು. ಒಂದು, ಮದ್ದೂರು, ಮೂಲೆಹೊಳೆ ಹಾದು ವಯನಾಡಿಗೆ ಹೋಗುವ ನಿನ್ನ ದಾರಿ. ಆಗ 212, ಈಗ 766. ಇನ್ನೊಂದು, ಹಂಗಳ, ಮೇಲುಕಾಮನಹಳ್ಳಿ ದಾಟಿ ಮುದುಮಲೆಯ ಮೂಲಕ ಊಟಿಗೆ ಹೋಗುವ ದಾರಿ. ಆಗ 67, ಈಗ 181. ಒಂದೇ ವಾರದಲ್ಲಿ ಒತ್ತಡ ಬಂತು, ಆದೇಶ ವಾಪಸ್ಸಾಯಿತು. ನಾವು ಡ್ರೈವರುಗಳು ಅಂದು ಟೀ ಅಂಗಡಿಯಲ್ಲಿ ಸಂಭ್ರಮ ಪಟ್ಟೆವು. ಎಲ್. ಶ್ರೀನಿವಾಸ ಬಾಬು ಎಂಬ ವಕೀಲರು ಸುಮ್ಮನಿರಲಿಲ್ಲ, ಹೈಕೋರ್ಟಿಗೆ ಹೋದರು. ಜುಲೈ ಕೊನೆಯಲ್ಲಿ ಗೇಟು ಮತ್ತೆ ಬಿತ್ತು. 2010ರ ಮಾರ್ಚ್‌ನಲ್ಲಿ ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಕೇರಳದವರು ಸುಪ್ರೀಂ ಕೋರ್ಟಿಗೆ ಹೋದರು. ಎರಡೂ ರಾಜ್ಯಗಳ ಕೆಲವೇ ಸರ್ಕಾರಿ ಬಸ್ಸುಗಳಿಗೆ, ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮಾತ್ರ ರಾತ್ರಿ ದಾರಿ ಉಂಟು.

ಅದಕ್ಕೆ ಮುಂಚಿನ ರಾತ್ರಿಗಳನ್ನು ಕಂಡವನು ನಾನು. ಅದರಲ್ಲಿ ಒಂದು ರಾತ್ರಿಯದನ್ನು ಇದುವರೆಗೆ ನಿಮ್ಮತ್ತೆಗೂ ಹೇಳಿಲ್ಲ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಮುಂಗಾರು ಹಿಡಿದಿತ್ತು. ಟೊಮೆಟೊ ಲೋಡು, ನಸುಕಿಗೆ ಕಲ್ಲಿಕೋಟೆ ಮಂಡಿ ಮುಟ್ಟಬೇಕು. ಹನ್ನೊಂದೂವರೆ ಸುಮಾರಿಗೆ ಮೂಲೆಹೊಳೆ ಇನ್ನೂ ನಾಲ್ಕೈದು ಕಿಲೋಮೀಟರ್ ಇದೆ ಅನ್ನುವಾಗ ರಸ್ತೆಯ ಎಡದಿಂದ ಒಂದು ಜಿಂಕೆ ಬಂತು. ಬಂದದ್ದು ಓಡಲಿಲ್ಲ, ಡಾಂಬರಿನ ನಡುವೆ ನಿಂತುಬಿಟ್ಟಿತು. ಹೈಬೀಮ್ ಕಣ್ಣಿಗೆ ಹೊಡೆದರೆ ಅದಕ್ಕೆ ಮುಂದೇನೂ ಕಾಣುವುದಿಲ್ಲ, ಕಾಲು ಏಳುವುದಿಲ್ಲ. ಅದು ನನಗೆ ಗೊತ್ತಿತ್ತು. ಬೆಳಕು ಇಳಿಸಬಹುದಿತ್ತು, ಇಳಿಸಲಿಲ್ಲ. ಬ್ರೇಕ್ ತುಳಿಯಬಹುದಿತ್ತು. ತುಳಿದರೆ ಹಿಂದಿನ ಕ್ರೇಟುಗಳು ಜರುಗುತ್ತವೆ, ಮಾಲು ಜಜ್ಜುತ್ತದೆ, ಮಂಡಿಯವನು ದರ ಇಳಿಸುತ್ತಾನೆ. ಇಷ್ಟೆಲ್ಲ ಲೆಕ್ಕ ಆ ಒಂದು ಗಳಿಗೆಯಲ್ಲಿ ಮನಸ್ಸು ಹಾಕಿತು, ಕಾಲು ಎತ್ತಿದ್ದು ಅರ್ಧ ಮಾತ್ರ. ಗೋಣಿಚೀಲ ಬಿದ್ದಂಥ ಸದ್ದು.

ಇಳಿದು ನೋಡಿದೆವು. ಉಸಿರಿತ್ತು, ಹಿಂಗಾಲು ಆಡಿಸುತ್ತಿತ್ತು. ನಾನೂ ಕ್ಲೀನರ್ ಹುಡುಗನೂ ಸೇರಿ ಪಕ್ಕಕ್ಕೆ ಎಳೆದೆವು. ಎಳೆದ ಮೇಲೆ ಅವನು ಹೆಡ್‌ಲೈಟಿನ ಬೆಳಕಿಗೆ ಅಂಗೈ ಹಿಡಿದು ನೋಡಿಕೊಂಡ. ರಕ್ತ ಅಂದುಕೊಂಡಿದ್ದ. ಹಾಲು. ರಸ್ತೆಯಾಚೆ ಲಂಟಾನದ ಪೊದೆಯಲ್ಲಿ ಎರಡು ಸಣ್ಣ ಕಣ್ಣು ಹೊಳೆಯುತ್ತಿದ್ದವು, ನಾವು ಹೊರಡುವ ತನಕ ಅಲ್ಲಾಡಲಿಲ್ಲ. ಬತ್ತೇರಿಯ ನಲ್ಲಿಯಲ್ಲಿ ಬಂಪರಿಗೆ ಅಂಟಿದ್ದ ಕೂದಲು ತೊಳೆದೆ. ಹೊತ್ತಿಗೆ ಸರಿಯಾಗಿ ಮಂಡಿ ಮುಟ್ಟಿದೆ, ಒಳ್ಳೆಯ ದರವೂ ಸಿಕ್ಕಿತು. ಆ ದುಡ್ಡು ಯಾವುದಕ್ಕೆ ಖರ್ಚಾಯಿತೋ ನೆನಪಿಲ್ಲ. ಆ ಕಣ್ಣು ಮಾತ್ರ ನೆನಪಿದೆ.

ಒಂದೇ ಒಂದು ಜಿಂಕೆ ಅಂತ ನೀನು ಅಂದುಕೊಳ್ಳಬಹುದು. ಆ ದಾರಿಯಲ್ಲಿ ಬೆಳಗಿನ ಟ್ರಿಪ್ ಬರುವಾಗ ನಾವು ಕಾಣುತ್ತಿದ್ದದ್ದು ಇಂಥವೇ: ಇಲ್ಲೊಂದು ಮೊಲ, ಅಲ್ಲೊಂದು ಪುನುಗಿನ ಬೆಕ್ಕು, ಮುಳ್ಳುಹಂದಿ, ಟೈರಿಗೆ ಸಿಕ್ಕಿ ಚಪ್ಪಟೆಯಾದ ಹಾವು. ಹಗಲು ಕಾದ ಡಾಂಬರು ಕತ್ತಲಾದ ಮೇಲೂ ಬಹಳ ಹೊತ್ತು ಬೆಚ್ಚಗಿರುತ್ತದೆ, ಹಾವು ಅಲ್ಲಿ ಬಂದು ಮಲಗುತ್ತದೆ. ಬೆಂಕಿ ಹರಡದಿರಲೆಂದು ರಸ್ತೆಯ ಎರಡೂ ಬದಿ ಗಿಡಗಂಟಿ ಸವರುತ್ತಾರೆ, ಮೊದಲ ಮಳೆಗೇ ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆ ಅದಕ್ಕೆ ಬರುತ್ತದೆ. ನಮ್ಮ ರಸ್ತೆಯೇ ಅವುಗಳನ್ನು ಕರೆಯುತ್ತದೆ, ಆಮೇಲೆ ನಮ್ಮ ಗಾಡಿ ಬರುತ್ತದೆ.

ಇಲ್ಲಿಂದ ಮುಂದೆ ಸ್ವಲ್ಪ ಗಮನವಿಟ್ಟು ಕೇಳು. ಗೇಟು ಮುಚ್ಚಿರುವುದು ಒಂಬತ್ತು ಗಂಟೆ. ಆ ಒಂಬತ್ತು ಗಂಟೆ ಕೋರ್ಟು ಕಾಯುತ್ತದೆ, ಗಾರ್ಡು ಕಾಯುತ್ತಾನೆ. ಉಳಿದ ಹದಿನೈದು ಗಂಟೆ ಗೇಟು ತೆರೆದಿರುತ್ತದೆ. ಆಗ ಕಾಡನ್ನು ಕಾಯುವುದು ನಿನ್ನ ಬಲಗಾಲು. ನಿಷೇಧ ಬೇಕೋ ಬೇಡವೋ ಎಂದು ನಿನ್ನ ಓರಗೆಯ ಹುಡುಗರು ಫೋನಿನಲ್ಲಿ ಜಗಳ ಆಡುತ್ತೀರಿ. ರಾತ್ರಿ ಎಂಟೂವರೆಗೆ ಆ ಗೇಟಿನ ಕಡೆ ಗಾಡಿಗಳು ಹೇಗೆ ನುಗ್ಗುತ್ತವೆ ಎಂಬುದರ ಬಗ್ಗೆ ಒಬ್ಬನೂ ಮಾತಾಡುವುದಿಲ್ಲ. ಒಂಬತ್ತರೊಳಗೆ ದಾಟಬೇಕೆಂದು ಕಾಡಿನೊಳಗೆ ಎಂಬತ್ತರಲ್ಲಿ ಓಡಿಸುವವನು, ಗೇಟಿಗೆ ಗೌರವ ಕೊಟ್ಟು ಕಾಡನ್ನು ತುಳಿದ ಹಾಗೆ.

ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ ಅರವತ್ತರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್ ಹೋಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಆ ಹದಿನೇಳು ಮೀಟರ್ ಮುಗಿದಿರುತ್ತದೆ, ಆಮೇಲೆ ಲೋಡು ತಳ್ಳುವುದು ಬೇರೆ. ಮೂವತ್ತರಲ್ಲಿ ಆ ದೂರ ಅರ್ಧಕ್ಕರ್ಧ. ನಿನ್ನ ದಾರಿಯಲ್ಲಿ ಕಾಡಿನ ಭಾಗ ಇರುವುದು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಅರವತ್ತರಲ್ಲಿ ಹೋದರೆ ಇಪ್ಪತ್ತು ನಿಮಿಷ, ಮೂವತ್ತರಲ್ಲಿ ನಲವತ್ತು. ಇಪ್ಪತ್ತು ನಿಮಿಷಕ್ಕೆ ಯಾವ ಟೊಮೆಟೊವೂ ಕೊಳೆಯುವುದಿಲ್ಲ ಮಗಾ.

ಜಿಂಕೆ ಒಂದು ದಾಟಿತೆಂದರೆ ಗಾಡಿ ಎತ್ತಬೇಡ, ಹಿಂದೆ ಇನ್ನೊಂದು ಇರುತ್ತದೆ, ಕೊನೆಗೆ ಬರುವುದು ಮರಿ. ಆನೆ ಕಂಡರೆ ದೂರದಲ್ಲೇ ನಿಲ್ಲು. ಹಾರ್ನ್ ಬೇಡ, ಲೈಟ್ ಮಿಣುಕಿಸುವುದು ಬೇಡ, ಆಕ್ಸಿಲರೇಟರ್ ಒತ್ತಿ ಸದ್ದು ಮಾಡುವುದು ಬೇಡ. ಹಿಂದಿನ ಗಾಡಿಗೆ ಜಾಗ ಬಿಟ್ಟು ನಿಂತರೆ ಬೇಕಾದಾಗ ಹಿಂದೆ ಸರಿಯಬಹುದು. ಮರಿ ಇದ್ದ ಹಿಂಡಾದರೆ ಅರ್ಧ ಗಂಟೆಯಾದರೂ ಕಾಯಿ. ಮಂಡಿಯವನಿಗೆ ಫೋನ್ ಮಾಡಿ ಆನೆ ಅಡ್ಡ ಇದೆ ಅನ್ನು, ಅವನಿಗೂ ಅರ್ಥವಾಗುತ್ತದೆ.

ಇಳಿಯಬೇಡ. 2025ರ ಆಗಸ್ಟ್‌ನಲ್ಲಿ ಊಟಿ ರಸ್ತೆಯ ಕೆಕ್ಕನಹಳ್ಳದ ಹತ್ತಿರ ಆನೆಯ ಫೋಟೊ ತೆಗೆಯಲು ಇಳಿದ ಒಬ್ಬರನ್ನು ಆನೆ ಅಟ್ಟಿಸಿ ಕೆಡವಿದ್ದನ್ನು ನೀನೇ ನನಗೆ ಫೋನಿನಲ್ಲಿ ತೋರಿಸಿದೆ. ಬದುಕಿಕೊಂಡದ್ದು ಪುಣ್ಯ, ಮೇಲೆ ಇಪ್ಪತ್ತೈದು ಸಾವಿರ ದಂಡ. ನೀವೆಲ್ಲ ಅದನ್ನು ನೋಡಿ ನಕ್ಕಿರಿ. ನನಗೆ ನಗು ಬರಲಿಲ್ಲ. ಆ ಆನೆ ರಸ್ತೆಯ ಅಂಚಿಗೆ ಬಂದು ಜನರ ನಡುವೆ ನಿಲ್ಲುವುದನ್ನು ಎಲ್ಲಿ ಕಲಿತಿತು?

ಕಲಿಸಿದವರು ನಮ್ಮಂಥವರೇ. ಚಾಮರಾಜನಗರದಿಂದ ಪುಣಜನೂರು, ಆಸನೂರು, ದಿಂಬಂ ಹಾದು ಸತ್ಯಮಂಗಲಕ್ಕೆ ಇಳಿಯುವ ದಾರಿಯಲ್ಲಿ ಕಬ್ಬಿನ ಲಾರಿಗಳು ಹೋಗುತ್ತವಲ್ಲ, ಒಂದು ಕಾಲದಲ್ಲಿ ಡ್ರೈವರುಗಳು ಪಾಪ ಅಂತ ನಾಲ್ಕು ಜಲ್ಲೆ ಎಸೆದರು. ಆನೆ ರುಚಿ ಕಂಡಿತು. ಈಗ ತಾಯಿ ಮರಿಯನ್ನೂ ಕರೆದುಕೊಂಡು ರಸ್ತೆಗೆ ಬಂದು ಲಾರಿ ಅಡ್ಡಗಟ್ಟಿ ಸೊಂಡಿಲಿನಲ್ಲಿ ಕಬ್ಬು ಸೆಳೆಯುತ್ತದೆ. ಹತ್ತಾರು ಮೈಲಿ ಮೇಯುತ್ತಾ ಅಲೆಯಬೇಕಾದ ಜೀವ ಡೀಸೆಲ್ ಹೊಗೆಯಲ್ಲಿ ಲಾರಿ ಕಾಯುತ್ತಾ ನಿಲ್ಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿನ್ನ ಗಾಡಿಯಿಂದ ಒಂದು ಎಲೆಕೋಸೂ ಕೆಳಗೆ ಬೀಳಬಾರದು. ಮುಸಿಯಗಳಿಗೂ ಬಿಸ್ಕತ್ತು ಬೇಡ. ಟಾರ್ಪಾಲು ಬಿಗಿಯಾಗಿ ಕಟ್ಟು.

ಕಾಡುಗಳ್ಳ ವೀರಪ್ಪನ ಕಾಲದಲ್ಲಿ ಆ ದಿಂಬಂ ದಾರಿಯಲ್ಲಿ ಕತ್ತಲಾದ ಮೇಲೆ ನಾವು ಯಾರೂ ಲಾರಿ ಇಳಿಸುತ್ತಿರಲಿಲ್ಲ, ಜೀವಭಯ. 2004ರಲ್ಲಿ ಅವನು ಸತ್ತ ಮೇಲೆ ಭಯ ಹೋಯಿತು, ಇಪ್ಪತ್ತೇಳು ತಿರುವುಗಳಲ್ಲೂ ರಾತ್ರಿಯಿಡೀ ಹದಿನಾರು ಚಕ್ರದ ಗಾಡಿಗಳು ಸಾಲುಗಟ್ಟಿದವು. 2022ರ ಫೆಬ್ರವರಿಯಿಂದ ಅಲ್ಲಿಯೂ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ನಿರ್ಬಂಧ ಬಂತು. ಬಂದೂಕಿಗೆ ಹೆದರಿ ಕೊಟ್ಟ ಬಿಡುವನ್ನು ಕಾಡಿಗೆ ಮನಸಾರೆ ಕೊಡಲು ನಮಗೆ ಆಗಲಿಲ್ಲವಲ್ಲ ಎಂದು ನನಗೆ ನೋವಿದೆ.

ಮನಸಾರೆ ಕೊಟ್ಟ ಜಾಗವೂ ನಮ್ಮ ತಾಲ್ಲೂಕಿನಲ್ಲೇ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮೊದಲು ಶನಿವಾರ, ಭಾನುವಾರ ಕಾರು ಬೈಕುಗಳು ಗುಡಿಯ ಮೆಟ್ಟಿಲಿನ ತನಕ ಹೋಗುತ್ತಿದ್ದವು. ಸಂದಿಗೊಂದಿಯಲ್ಲೆಲ್ಲ ಬಾಟಲಿ, ಪ್ಲಾಸ್ಟಿಕ್. ಖಾಸಗಿ ಗಾಡಿ ಬೆಟ್ಟದ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸರ್ಕಾರಿ ಬಸ್ಸು ಮಾತ್ರ ಎಂದಾಗ ಭಕ್ತರು ಕಡಿಮೆಯಾಗುತ್ತಾರೆಂದು ಕೂಗಾಡಿದವರಿದ್ದರು. ಈಗ ನೋಡು, ಬಸ್ಸಿಗೆ ಸಾಲು ನಿಲ್ಲುತ್ತಾರೆ. ಗುಡಿಯ ಅಂಗಳಕ್ಕೆ ಆನೆ ಬಂದು ಹೋಗುತ್ತದೆ. ಸಾವಿರದ ನಾನೂರು ಮೀಟರಿಗೂ ಎತ್ತರದ ಆ ಬೆಟ್ಟದಲ್ಲಿ ಮಂಜು ಸುರಿಯುವಾಗ ಕಿವಿಗೆ ಬೀಳುವುದು ಗಂಟೆಯ ಸದ್ದು ಒಂದೇ. ದೇವರಿಗೂ ಅದೇ ಇಷ್ಟವಿರಬೇಕು.

ನ್ಯಾಯ ಹೇಳುವಾಗ ಇನ್ನೊಂದು ಕಡೆಯದನ್ನೂ ಹೇಳಬೇಕು. ವಯನಾಡಿನವರನ್ನು ಶತ್ರುಗಳೆಂದುಕೊಳ್ಳಬೇಡ. ಹಗಲಿನಲ್ಲೂ ರಸ್ತೆ ಮುಚ್ಚುವ ಮಾತು ಬಂದಾಗ 2019ರಲ್ಲಿ ಬತ್ತೇರಿಯಲ್ಲಿ ನಿನ್ನ ವಯಸ್ಸಿನ ಹುಡುಗರೇ ಉಪವಾಸ ಕೂತರು. ನಮ್ಮ ತರಕಾರಿ ತಿನ್ನುವವರು, ಓಣಂಗೆ ನಮ್ಮ ಚೆಂಡುಹೂವು ಕೊಳ್ಳುವವರು ಅವರೇ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಬದಲಿ ರಸ್ತೆ ಇದೆ ಎನ್ನುತ್ತಾರೆ. ಮೈಸೂರಿನವರಿಗೆ ಅದು ನಿಜ. ಗುಂಡ್ಲುಪೇಟೆಯ ನಮಗೆ ಅದು ಹಿಂದಕ್ಕೆ ಹೋಗಿ ಸುತ್ತಿ ಬರುವ ದಾರಿ. ನಮಗಿರುವುದು ಹೊತ್ತಿಗೆ ಮುಂಚೆ ಹೊರಡುವ ದಾರಿ. ಅದಕ್ಕೇ ನೀವು ಹುಡುಗರು ಒಟ್ಟಾಗಿ ಮಂಡಿಯವರನ್ನು ಕೇಳಿ, ಹರಾಜು ಒಂದು ಗಂಟೆ ಮುಂಚೆಯೇ ನಡೆಯಲಿ, ಲೋಡಿಂಗು ಬೇಗ ಮುಗಿಯಲಿ. ರಾತ್ರಿ ಉಳಿಯಬೇಕಾದ ಗಾಡಿಗೆ ಗೇಟಿನ ಹತ್ತಿರ ನೆರಳು, ನೀರು, ಶೌಚಾಲಯ ಕೊಡಿ ಎಂದು ಪಂಚಾಯಿತಿಯನ್ನು ಕೇಳಿ. ಮೇಲ್ಸೇತುವೆ ಕಟ್ಟಿ ಗೇಟು ತೆಗೆಸುತ್ತೇವೆಂದು ಭರವಸೆ ಕೊಡುವವರ ಹಿಂದೆ ಹೋಗಬೇಡಿ. ಆ ಕಂಬಗಳನ್ನು ನಿಲ್ಲಿಸಲು ವರ್ಷಗಟ್ಟಲೆ ಕಾಡು ಅಗೆಯಬೇಕು.

ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಇಂಡಿಗನತ್ತ, ಪಡಸಲನತ್ತ, ತುಳಸಿಕೆರೆಯಂಥ ಊರುಗಳನ್ನೂ ನೆನೆಸಿಕೋ. ನೆಟ್ಟಗಿನ ದಾರಿಯೇ ಇಲ್ಲದೆ ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ತಂದ ಜನ ಅವರು. ಕಾಡಿನಲ್ಲಿ ಗಾಡಿ ಓಡಬೇಕಾದರೆ ಮೊದಲು ಅವರ ಬಸುರಿಗಾಗಿ, ಶಾಲೆಯ ಮಕ್ಕಳಿಗಾಗಿ ಓಡಬೇಕು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ವಾಸಿಸುವ ಸೋಲಿಗರಿಗೂ ಅಷ್ಟೇ. ಹೊಸ ಬೈಕಿನ ಸೈಲೆನ್ಸರ್ ಕಿತ್ತು ಕೆ.ಗುಡಿ ರಸ್ತೆಯಲ್ಲಿ ರೀಲ್ಸ್ ಮಾಡುವ ನಿನ್ನ ಗೆಳೆಯನ ಸರದಿ ಅವರೆಲ್ಲರ ಆಮೇಲೆ. ಅವನಿಗೆ ಇದನ್ನು ನೀನೇ ಹೇಳು, ನಾನು ಹೇಳಿದರೆ ಮುದುಕನ ಮಾತು ಅನ್ನುತ್ತಾನೆ.

ಬೀಡಿ, ಸಿಗರೇಟು ಸೇದುವ ಕ್ಲೀನರನ್ನು ಇಟ್ಟುಕೊಂಡರೆ ಕಾಡು ದಾಟುವ ತನಕ ಬೇಡವೆಂದು ಮೊದಲೇ ಹೇಳು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಉರಿದದ್ದನ್ನು ನೀನೂ ಕಂಡಿದ್ದೀಯ. ಸಾವಿರಾರು ಎಕರೆ. ನಮ್ಮ ಮನೆಯ ಹೆಂಚಿನ ಮೇಲೂ ಬೂದಿ ಬಿದ್ದಿತ್ತು, ನಿಮ್ಮತ್ತೆ ಗುಡಿಸುತ್ತಾ ಅತ್ತಳು.

ನಾಳೆ ನಿನ್ನ ಮೊದಲ ಲೋಡು ಅಂತ ನಿಮ್ಮವ್ವ ಹೇಳಿದಳು. ಮಧ್ಯಾಹ್ನ ನಾಲ್ಕಕ್ಕೆಲ್ಲ ಹಗ್ಗ ಬಿಗಿದು ಮುಗಿಸು. ನಾನೂ ಬರುತ್ತೇನೆ, ಬತ್ತೇರಿ ತನಕ. ಮೂಲೆಹೊಳೆಗೆ ಮುಂಚೆ ಒಂದು ಕಡೆ ಬಂದಾಗ ನಿನ್ನ ಭುಜ ಮುಟ್ಟುತ್ತೇನೆ. ಗಾಡಿ ನಿಲ್ಲಿಸಬೇಡ, ಅಲ್ಲಿ ನಿಲ್ಲುವ ಹಾಗಿಲ್ಲ. ಸ್ವಲ್ಪ ನಿಧಾನ ಮಾಡು, ಅಷ್ಟು ಸಾಕು.