ವಿದ್ಯುತ್ ಕಾರಿನ ಗಣಕ ಸೋತಾಗ

ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿ ಬೀದಿಗಿಳಿದಂದಿನಿಂದಲೂ ವಿದ್ಯುತ್ ಕಾರುಗಳ ವಿಷಯವಾಗಿ ಜನರು ಕೇಳುತ್ತ ಬಂದ ಮೊದಲ ಪ್ರಶ್ನೆ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆಂಬುದೇ ಆಗಿದ್ದರೂ, ವಯಸ್ಸಾದ ಕಾರುಗಳಲ್ಲಿ ಬ್ಯಾಟರಿಯೂ ಮೋಟಾರೂ ದೃಢವಾಗಿರುವಾಗಲೇ ಅವುಗಳನ್ನು ಆಳುವ ಗಣಕಗಳು ಸೋಲುವುದುಂಟು. ಒಂದು ಬೋರ್ಡು ಕೆಟ್ಟಿತೆಂದು ಕಾರನ್ನೇ ಗುಜರಿಗೆ ಕಳುಹಿಸುವುದು ದುಡುಕು. ಅಲ್ಪವ್ಯಯದ ಪರೀಕ್ಷೆಯಿಂದ ತೊಡಗಿ ಅಧಿಕವ್ಯಯದ ಚಿಕಿತ್ಸೆಯವರೆಗೆ ಕ್ರಮವರಿತು ನಡೆಯುವವನಿಗೆ ದೋಷದ ಮೂಲ ಅನೇಕ ವೇಳೆ ಅರ್ಧದಾರಿಯಲ್ಲಿಯೇ ದೊರೆಯುತ್ತದೆ.

ಹೀಗೆ ಗಣಕ ಸೋಲುವುದಕ್ಕೆ ಪ್ರಸಿದ್ಧ ನಿದರ್ಶನವೆಂದರೆ 2018ರವರೆಗಿನ ಕೆಲವು ಟೆಸ್ಲಾ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳು. ಅವುಗಳ ಸ್ಪರ್ಶಪರದೆಯ ಗಣಕದಲ್ಲಿದ್ದ 8 ಜಿಬಿಯ ಸ್ಮೃತಿಚಿಪ್ಪು, ಬರೆದು ಅಳಿಸುವ ಕ್ರಿಯೆಗೆ ಮಿತಿಯುಳ್ಳದ್ದಾದುದರಿಂದ, ವರ್ಷಗಟ್ಟಲೆ ದಾಖಲೆಗಳನ್ನು ಬರೆಯುತ್ತ ಬರೆಯುತ್ತ ಸವೆದುಹೋಯಿತು. ಕಾರು ಚಲಿಸುತ್ತಿತ್ತಾದರೂ ಪರದೆ ಕಪ್ಪಾಗಿ, ಹಿಂಬದಿಯ ಕ್ಯಾಮೆರಾದ ಚಿತ್ರವೂ, ಗಾಜಿನ ಮಂಜನ್ನು ಕಳೆಯುವ ನಿಯಂತ್ರಣವೂ, ಇಂಡಿಕೇಟರಿನ ಸದ್ದೂ ಇಲ್ಲವಾಗುತ್ತಿದ್ದುವು. ಕಡೆಗೆ 2021ರಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ, 64 ಜಿಬಿಯ ಚಿಪ್ಪಿರುವ ಬೋರ್ಡನ್ನು ಜೋಡಿಸಿಕೊಡುವ ನಿರ್ಧಾರವಾಯಿತು.

1. ಲಕ್ಷಣಗಳನ್ನು ಬರೆದಿಡಿ

ದೋಷ ಕಾಣಿಸಿಕೊಂಡುದು ಮಳೆಯಲ್ಲಿ ನಿಂತ ಮೇಲೋ, ಬಿಸಿಲಿನಲ್ಲಿ ಕಾದ ಮೇಲೋ, ಚಾರ್ಜ್ ಮಾಡುವಾಗಲೋ ಎಂಬುದನ್ನು ದಿನಾಂಕಸಹಿತವಾಗಿ ಒಂದು ಪುಸ್ತಕದಲ್ಲಿ ಗುರುತಿಸಿ, ಎಚ್ಚರಿಕೆಯ ಸಂದೇಶಗಳ ಚಿತ್ರ ತೆಗೆದಿಡತಕ್ಕದ್ದು. ಬ್ರೇಕಿನ ಅಥವಾ ಸ್ಟಿಯರಿಂಗಿನ ಎಚ್ಚರಿಕೆ ಬಂದಿದ್ದರೆ ಕಾರನ್ನು ಓಡಿಸದೆ ಗಾಡಿಯ ಮೇಲೆ ಏರಿಸಿಯೇ ಸಾಗಿಸಬೇಕು.

2. ಚಿಕ್ಕ ಬ್ಯಾಟರಿಯನ್ನು ಮೊದಲು ನೋಡಿ

ಬಹುಪಾಲು ಕಾರುಗಳಲ್ಲಿ ಗಣಕಗಳು ಎಚ್ಚರಗೊಳ್ಳುವುದು ದೊಡ್ಡ ಬ್ಯಾಟರಿಯಿಂದಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ. ಅದು ಬಳಲಿದಾಗ ಗಣಕಗಳೆಲ್ಲವೂ ಒಮ್ಮೆಗೇ ಅಸಂಬದ್ಧವಾದ ದೋಷಗಳನ್ನು ಸಾರತೊಡಗುತ್ತವೆ. ಇದನ್ನರಿಯದವರು ಉತ್ತಮವಾದ ಗಣಕವನ್ನೇ ಬದಲಾಯಿಸಿ ಹಣ ಕಳೆದುಕೊಳ್ಳುತ್ತಾರೆ. ಚಿಕ್ಕ ಬ್ಯಾಟರಿ ಸೀಸ-ಆಮ್ಲದ್ದಾಗಿದ್ದರೆ, ಕೆಲವು ಗಂಟೆ ವಿಶ್ರಮಿಸಿದ ಮೇಲೆ ಮಲ್ಟಿಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಬೇಕು. 12ಕ್ಕಿಂತ ಕೆಳಗಿಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆಯೆಂದೇ ಅರ್ಥ.

3. ಫ್ಯೂಸು, ಅರ್ಥಿಂಗು, ಕನೆಕ್ಟರು

ಮಳೆಗಾಲದ ತೇವವೂ ಇಲಿಯ ಹಲ್ಲೂ ನಮ್ಮ ನಾಡಿನಲ್ಲಿ ತಂತಿಗಳಿಗೆ ಪ್ರಬಲ ಶತ್ರುಗಳು. ಕಾರನ್ನು ಆರಿಸಿ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಚಿಕ್ಕ ಬ್ಯಾಟರಿಯ ಋಣತಂತಿಯನ್ನು ಬಿಡಿಸಿದ ಬಳಿಕ, 12 ವೋಲ್ಟಿನ ಭಾಗದ ಫ್ಯೂಸುಗಳನ್ನೂ, ಹಸಿರು ಕಿಲುಬು ಕಟ್ಟಿದ ಪಿನ್ನುಗಳನ್ನೂ, ಸಡಿಲವಾದ ಅರ್ಥಿಂಗ್ ತಂತಿಯನ್ನೂ ಪರೀಕ್ಷಿಸಿರಿ. ವಿದ್ಯುತ್ತಿನಿಂದ ತೆರೆಯುವ ಬಾಗಿಲುಗಳಿರುವ ಕಾರಿನಲ್ಲಿ ತಂತಿ ಬಿಡಿಸುವ ಮುನ್ನವೇ ಒಂದು ಬಾಗಿಲನ್ನೂ ಬಾನೆಟ್ಟನ್ನೂ ತೆರೆದಿಟ್ಟುಕೊಳ್ಳುವುದು ಲೇಸು.

4. ದೋಷಸಂಕೇತಗಳನ್ನು ಓದಿಸಿ

ಸ್ಕ್ಯಾನರಿನಿಂದ ಓದಿದ ಸಂಕೇತಗಳನ್ನು ಅಳಿಸುವ ಮುನ್ನ ಬರೆದುಕೊಳ್ಳಬೇಕು. ‘ಯು’ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಗಣಕಗಳ ಪರಸ್ಪರ ಸಂವಾದ ಕಡಿದುದನ್ನು ಸೂಚಿಸುವುವಾದುದರಿಂದ, ಅಂಥಲ್ಲಿ ಬೋರ್ಡಿಗಿಂತ ಮೊದಲು ತಂತಿಯನ್ನೇ ಸಂಶಯಿಸುವುದು ವಿವೇಕ.

5. ಸ್ಮೃತಿ ಅಳಿಯುವ ಮುನ್ನ ನಕಲು

ಪರದೆ ನಿಧಾನವಾಗಿ, ಮತ್ತೆ ಮತ್ತೆ ತಾನೇ ಆರಿ ಹೊತ್ತುತ್ತಿದ್ದರೆ ಚಿಪ್ಪು ಸವೆಯುತ್ತಿರಬಹುದು. ಅದು ಪೂರ್ತಿ ಮೂಕವಾಗುವ ಮೊದಲೇ ತಜ್ಞರಿಂದ ಅದರಲ್ಲಿನ ದತ್ತಾಂಶವನ್ನು ನಕಲು ಮಾಡಿಸಿದರೆ ಹೊಸ ಚಿಪ್ಪಿಗೆ ಅದನ್ನು ತುಂಬಬಹುದು. ತಡಮಾಡಿದರೆ ಆ ಕಾರಿಗೇ ವಿಶಿಷ್ಟವಾದ ಗುರುತಿನ ವಿವರಗಳೂ ಅಳಿದು, ಅಲ್ಪದಲ್ಲಿ ಮುಗಿಯುವ ರಿಪೇರಿ ದುಬಾರಿಯಾಗುತ್ತದೆ.

6. ಹಣ ಕೊಡುವ ಮುನ್ನ

ನಿಮ್ಮ ಕಾರಿನ ಚಾಸಿಸ್ ಸಂಖ್ಯೆಗೆ ತಯಾರಕರ ಉಚಿತ ದುರಸ್ತಿಯ ಕರೆ ಉಂಟೇ ಎಂದು ವಿಚಾರಿಸಿರಿ. ಹಳೆಯ ಕಾರಿನಿಂದ ತೆಗೆದ ಗಣಕವನ್ನು ಕೊಳ್ಳುವುದಾದರೆ, ಭಾಗದ ಸಂಖ್ಯೆ ಒಂದೇ ಆಗಿರುವುದಷ್ಟೇ ಸಾಲದು; ಅದನ್ನು ನಿಮ್ಮ ಕಾರಿಗೆ ಸಾಫ್ಟ್‌ವೇರ್ ಮೂಲಕ ಹೊಂದಿಸಿಕೊಡುವವರು ಯಾರೆಂಬುದೂ ನಿಶ್ಚಿತವಾಗಿರಬೇಕು. ಕೆಟ್ಟ ಬೋರ್ಡನ್ನು ತಪ್ಪದೆ ಹಿಂದಕ್ಕೆ ಪಡೆಯಿರಿ. ಅದರ ಸ್ಮೃತಿ ಮುಂದೆ ಬೇಕಾಗಬಹುದು.

7. ಮುಟ್ಟಬಾರದ ಗಡಿ

ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟುಗಳ ವಿದ್ಯುತ್ತು ಪ್ರವಹಿಸುತ್ತದೆ; ಕಾರು ಆರಿದ ಮೇಲೆಯೂ ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಅದು ಕೆಲಕಾಲ ನಿಂತಿರುತ್ತದೆ. ತರಬೇತಿ ಪಡೆದ ಮೆಕ್ಯಾನಿಕ್ಕಿನ ಹೊರತು ಮತ್ತಾರೂ ಅವನ್ನು ಮುಟ್ಟಕೂಡದು. ಮಿತವ್ಯಯವು ಸದ್ಗುಣವೇ, ಆದರೆ ಪ್ರಾಣವನ್ನು ಪಣವಾಗಿಟ್ಟು ಉಳಿಸಬೇಕಾದ ಹಣ ಯಾವುದೂ ಇಲ್ಲ.

ಇಷ್ಟೆಲ್ಲವೂ ಮುಗಿದ ಮೇಲೆ, ಮೊದಲ ದಿನ ತೆರೆದ ಆ ಪುಸ್ತಕದಲ್ಲಿ ಏನು ಕೆಟ್ಟಿತ್ತು, ಏನು ಬದಲಾಯಿತು, ಎಷ್ಟು ತಗುಲಿತು ಎಂಬುದನ್ನು ಬರೆದು ಕಾರಿನಲ್ಲಿಯೇ ಇಡಿ. ಮುಂದೊಮ್ಮೆ ಕಾರು ಬೇರೊಬ್ಬರ ಕೈಸೇರುವಾಗ ಕೀಲಿಕೈಯೊಡನೆ ಅದನ್ನೂ ಕೊಡತಕ್ಕದ್ದು. ಗಣಕದ ಸ್ಮೃತಿ ಅಳಿದರೂ ಈ ಸ್ಮೃತಿ ಉಳಿದಿರುತ್ತದೆ.